ಎನ್‌ಸಿಎಸ್ (ನರದ ಪರೀಕ್ಷೆ), ಇಎಂಜಿ (ಸ್ನಾಯುವಿನ ಪರೀಕ್ಷೆ) ಬರೆದುಕೊಟ್ಟಿದ್ದಾರೆ, ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ

ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ರಾತ್ರಿ ಹೊತ್ತು ಎರಡೂ ಕೈಯ ಬೆರಳು ಜೋಮು ಹಿಡಿಯುತ್ತವೆ, ಅಂಗಾಲು ಉರಿಯುತ್ತದೆ. ಈಗ ಬಲಗಾಲಿನ ಪಾದ ಮೇಲೆತ್ತಲೂ ಕಷ್ಟವಾಗಿದೆ. ಹೃದಯದ ತೊಂದರೆಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುತ್ತಾರೆ. ಕರೆಂಟ್ ಕೊಡುತ್ತಾರೆ, ಸೂಜಿ ಚುಚ್ಚುತ್ತಾರೆ ಅಂತ ಕೇಳಿ ಹೆದರಿದ್ದಾರೆ. ಸಿದ್ಧತೆ ಏನು ಬೇಕು? ರಿಪೋರ್ಟ್ ನಾರ್ಮಲ್ ಬಂದರೆ ಏನರ್ಥ?

ನರ ಪರೀಕ್ಷೆಯ ತಂತ್ರಜ್ಞೆ

ಇವು ಎರಡು ಬೇರೆ ಬೇರೆ ಪರೀಕ್ಷೆ ಅಂತ ಮೊದಲು ಅಮ್ಮನಿಗೆ ಹೇಳಿ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಎನ್‌ಸಿಎಸ್‌ನಲ್ಲಿ ಕರೆಂಟ್ ಇದೆ, ಸೂಜಿ ಇಲ್ಲ. ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ ನರದ ಮೇಲೆ ಸಣ್ಣ ಶಾಕ್ ಕೊಡುತ್ತಾರೆ. ಒಂದೊಂದು ಶಾಕ್ ಇರುವುದು 0.1ರಿಂದ 0.2 ಮಿಲಿಸೆಕೆಂಡ್ ಮಾತ್ರ. ಇಎಂಜಿಯಲ್ಲಿ ಸೂಜಿ ಇದೆ, ಕರೆಂಟ್ ಇಲ್ಲ. ಆ ಸೂಜಿ ಸ್ನಾಯುವಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ತಡೆಯಲಾಗದಿದ್ದರೆ "ಸ್ವಲ್ಪ ನಿಲ್ಲಿಸಿ" ಅನ್ನಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಉಪವಾಸ ಬೇಡ. ಊಟ, ಸಕ್ಕರೆ ಮಾತ್ರೆ ಎಂದಿನಂತೆ ಇರಲಿ. ಆದರೆ ಕೈಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ಶಾಕ್ ಕೊಟ್ಟಾಗ ದಾಖಲಾಗುವ ಬೆರಳಿನ ಸಂವೇದನೆಯ ಅಲೆ ಕೆಲವೇ ಮೈಕ್ರೋವೋಲ್ಟ್ ಇರುತ್ತದೆ. ಚರ್ಮ ಜಿಡ್ಡಾಗಿದ್ದರೆ ಎಲೆಕ್ಟ್ರೋಡ್ ಸರಿಯಾಗಿ ಕೂರದೆ, ಕೋಣೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯಲ್ಲಿ ಆ ಅಲೆ ಮುಳುಗಿಹೋಗುತ್ತದೆ. ಉಂಗುರ, ವಾಚ್ ತೆಗೆದಿಡಿ. ಮೊಣಕೈ, ಮಂಡಿಯ ಮೇಲಕ್ಕೆ ಸರಿಯುವ ಸಡಿಲ ಬಟ್ಟೆ ಹಾಕಿಸಿ. ಹೃದಯದ ತೊಂದರೆ ಅಂದಿರಿ; ಪೇಸ್‌ಮೇಕರ್ ಅಥವಾ ಐಸಿಡಿ (ಹೃದಯದ ಬಡಿತ ತಪ್ಪಿದಾಗ ಶಾಕ್ ಕೊಡುವ ಉಪಕರಣ) ಇದ್ದರೆ ಸಮಯ ಗೊತ್ತುಮಾಡುವಾಗಲೇ ತಿಳಿಸಿ. ಇದ್ದರೂ ಸಾಮಾನ್ಯವಾಗಿ ಪರೀಕ್ಷೆ ಮಾಡಬಹುದು, ಆದರೆ ಆ ಉಪಕರಣದ ಹತ್ತಿರ ಶಾಕ್ ಕೊಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಕೈಕಾಲು ಬೆಚ್ಚಗಿರಬೇಕು. ಕೈಯ ಚರ್ಮ ಕನಿಷ್ಠ 32 ಡಿಗ್ರಿ ಸೆಲ್ಸಿಯಸ್, ಪಾದ 30ರ ಮೇಲೆ. ಒಂದು ಡಿಗ್ರಿ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ, ಮಣಿಕಟ್ಟಿನಿಂದ ಹೆಬ್ಬೆರಳ ಬುಡದ ಸ್ನಾಯುವಿಗೆ ಸಂಕೇತ ತಲುಪುವ ಸಮಯ ಸುಮಾರು 0.2 ಮಿಲಿಸೆಕೆಂಡ್ ಹೆಚ್ಚುತ್ತದೆ. ಲೆಕ್ಕ ಹಾಕಿ ನೋಡಿ. ಬೆಚ್ಚಗಿದ್ದಾಗ 3.8 ಮಿಲಿಸೆಕೆಂಡ್ ಬರಬೇಕಾದ ಕೈ 28 ಡಿಗ್ರಿಗೆ ತಣ್ಣಗಾಗಿದ್ದರೆ 4.6 ತೋರಿಸುತ್ತದೆ. ಅನೇಕ ಕಡೆ ಮಿತಿ 4.4ರ ಆಸುಪಾಸು. ಅಂದರೆ ಇಲ್ಲದ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ) ರಿಪೋರ್ಟಿನಲ್ಲಿ ಹುಟ್ಟಿಕೊಂಡಿತು! ಎಸಿ ಕೋಣೆಯಲ್ಲಿ ತುಂಬ ಹೊತ್ತು ಕೂರಬೇಕಾಗಿ ಬಂದರೆ ಕೈಗವಸು, ಕಾಲುಚೀಲ ಹಾಕಿಸಿ. ಒಳಗೆ ಹೋದ ಮೇಲೆ "ಕೈ ತಣ್ಣಗಿದೆ, ಟೆಂಪರೇಚರ್ ನೋಡ್ತೀರಾ?" ಅಂತ ಕೇಳಲು ಸಂಕೋಚ ಬೇಡ. ಆದರೆ ಬಿಸಿ ನೀರಿನ ಚೀಲ ನೀವೇ ಇಡಬೇಡಿ. ಸಕ್ಕರೆ ಕಾಯಿಲೆಯ ಪಾದಕ್ಕೆ ಬಿಸಿ ತಿಳಿಯದೆ ಬೊಬ್ಬೆ ಏಳಬಹುದು.

ಟೇಪಿನ ತಪ್ಪೂ ಸಣ್ಣದಲ್ಲ. ಎರಡು ಬಿಂದುಗಳ ನಡುವಿನ ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ಬರುವುದೇ ವೇಗ. ಮೊಣಕೈ ಸುತ್ತ 10 ಸೆಂಟಿಮೀಟರಿಗೆ 2 ಮಿಲಿಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 50 ಮೀಟರ್. ಅದನ್ನೇ ಒಂದು ಸೆಂಟಿಮೀಟರ್ ಕಡಿಮೆ ಅಳೆದರೆ 45. ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ನೋಡುವಾಗ ಮೊಣಕೈ ಮಡಚಿಸಿಯೇ ಅಳೆಯುವುದು ಇದಕ್ಕೇ: ಕೈ ನೇರವಿದ್ದರೆ ಒಳಗೆ ನರ ಸಡಿಲವಾಗಿರುತ್ತದೆ, ಚರ್ಮದ ಮೇಲಿನ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ, ಇಲ್ಲದ ನಿಧಾನ ಕಾಣುತ್ತದೆ.

ನರರೋಗ ವೈದ್ಯ

ವಾರ್ಫರಿನ್ ನೀವಾಗಿಯೇ ನಿಲ್ಲಿಸಬೇಡಿ. ಪರೀಕ್ಷೆಗಾಗಿ ಮಾತ್ರೆ ಬಿಟ್ಟು ಪಾರ್ಶ್ವವಾಯು ತಂದುಕೊಳ್ಳುವುದಕ್ಕಿಂತ ಸೂಜಿಯ ಜಾಗದಲ್ಲಿ ಸ್ವಲ್ಪ ರಕ್ತ ಕಟ್ಟುವುದು ಎಷ್ಟೋ ವಾಸಿ. ಇತ್ತೀಚಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ರಿಪೋರ್ಟ್ ಒಯ್ಯಿರಿ. ಅದು ಔಷಧದ ಗುರಿಯ ಮಿತಿಯಲ್ಲೇ ಇದ್ದರೆ ಚರ್ಮಕ್ಕೆ ಹತ್ತಿರದ ಸ್ನಾಯುಗಳಲ್ಲಿ ಸಣ್ಣ ಸೂಜಿ ಹಾಕಿ, ತೆಗೆದ ಮೇಲೆ ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಆಳದ ಸ್ನಾಯುವಿನ ವಿಷಯದಲ್ಲಿ ಮಾತ್ರ ಯೋಚಿಸಬೇಕಾಗುತ್ತದೆ.

ನಿಮ್ಮ ತಾಯಿಯವರ ವಿಷಯದಲ್ಲಿ ತೊಡಕು ಇರುವುದು ಅಲ್ಲೇ. ಪಾದ ಎತ್ತಲಾಗದಿರುವುದಕ್ಕೆ ಮುಖ್ಯವಾಗಿ ಎರಡು ಜಾಗ ಅನುಮಾನಿಸಬೇಕು: ಮಂಡಿಯ ಹೊರಬದಿಯ ಮೂಳೆಯ ಬಳಿ ಪೆರೋನಿಯಲ್ ನರ ಒತ್ತಿಹೋಗಿರುವುದು, ಅಥವಾ ಸೊಂಟದಲ್ಲಿ ಎಲ್5 ನರಬೇರು (ಸೊಂಟದ ಐದನೆಯ ನರ ಬೆನ್ನುಮೂಳೆಯಿಂದ ಹೊರಡುವ ಬುಡ) ಒತ್ತಿಹೋಗಿರುವುದು. ಎರಡರಲ್ಲೂ ಮಂಡಿಯ ಕೆಳಗೆ ಕಾಲಿನ ಮುಂಭಾಗದ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯು ಕೆಡುತ್ತದೆ, ಹಾಗಾಗಿ ಅದೊಂದನ್ನೇ ಚುಚ್ಚಿ ನೋಡಿದರೆ ತೀರ್ಮಾನ ಆಗದು. ಎಲ್5ರಿಂದ ಬಂದೂ ಪೆರೋನಿಯಲ್ ನರಕ್ಕೆ ಸೇರದ ಸ್ನಾಯು ನೋಡಬೇಕು. ಟಿಬಿಯಾಲಿಸ್ ಪೋಸ್ಟೀರಿಯರ್ ಅದಕ್ಕೆ ಒಳ್ಳೆಯದು, ಆದರೆ ಅದು ಆಳದಲ್ಲಿದೆ. ವಾರ್ಫರಿನ್ ಇರುವವರಲ್ಲಿ ಸೊಂಟದ ಪಕ್ಕದ ಟೆನ್ಸರ್ ಫೇಶಿಯಾ ಲೇಟಾ ಸ್ನಾಯು ಚರ್ಮದ ಹತ್ತಿರವೇ ಸಿಗುತ್ತದೆ. ಮಂಡಿಯಿಂದ ಮೇಲಿರುವ ಬೈಸೆಪ್ಸ್ ಫೆಮೊರಿಸ್‌ನ ಚಿಕ್ಕ ತಲೆಯೂ ಮುಖ್ಯ. ಅದು ಕೆಟ್ಟಿದ್ದರೆ ತೊಂದರೆ ಮಂಡಿಗಿಂತ ಮೇಲಿದೆ.

ಸೂಜಿ ಇಲ್ಲದೆಯೂ ಒಂದು ಸುಳಿವು ಸಿಗುತ್ತದೆ. ನರಬೇರು ಒತ್ತಿದ್ದರೆ ಪಾದದ ಮೇಲ್ಭಾಗ ಮರಗಟ್ಟಿದ್ದರೂ ಅಲ್ಲಿನ ಸಂವೇದನೆಯ ಅಲೆ ಸರಿಯಾಗೇ ಬರುತ್ತದೆ. ಸಂವೇದನೆಯ ನರಕೋಶ ಬೆನ್ನುಮೂಳೆಯ ಪಕ್ಕದ ಗಂಟಿನಲ್ಲಿದೆ, ಒತ್ತಡ ಅದಕ್ಕಿಂತ ಒಳಗಿದೆ. ಗಂಟಿನಿಂದ ಪಾದದವರೆಗಿನ ತಂತು ಹಾಳಾಗಿರುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಎರಡೂ ಪಾದದ ಅಲೆಗಳು ಮೊದಲೇ ಕುಗ್ಗಿರಬಹುದು. ಆದ್ದರಿಂದ ಎಡಗಾಲನ್ನೂ ಪರೀಕ್ಷಿಸದೆ ಬಲಗಾಲಿನ ಬಗ್ಗೆ ಏನೂ ಹೇಳಬಾರದು.

ಕೇಳಿದವರು

ತುಂಬ ಉಪಕಾರವಾಯಿತು. ಪಾದದ ತೊಂದರೆ ಶುರುವಾಗಿ 10 ದಿನ ಆಗಿದೆ. ಈಗಲೇ ಮಾಡಿಸುವುದಾ, ಕಾಯುವುದಾ?

ಪುನರ್ವಸತಿ ವೈದ್ಯೆ

ನಿಮ್ಮ ವೈದ್ಯರನ್ನು ಕೇಳಿ ಎರಡು ಕಂತಿನಲ್ಲಿ ಮಾಡಿಸಬಹುದು. ನರದ ತಂತು ತುಂಡಾದರೂ ಮೊದಲ ಕೆಲವು ದಿನ ಗಾಯದ ಕೆಳಗಿನ ಭಾಗ ಕರೆಂಟಿಗೆ ಸ್ಪಂದಿಸುತ್ತಲೇ ಇರುತ್ತದೆ. ಚಲನೆಯ ಅಲೆ ಕುಗ್ಗಿ ನಿಲ್ಲಲು ಸುಮಾರು ಒಂದು ವಾರ ಬೇಕು, ಸಂವೇದನೆಯ ಅಲೆಗೆ 10–11 ದಿನ. ಈಗ ಎನ್‌ಸಿಎಸ್ ಮಾಡಿದರೆ ಮಂಡಿಯ ಬಳಿ ಸಂಕೇತಕ್ಕೆ ತಡೆ ಇದೆಯೇ ಅಂತ ಗೊತ್ತಾಗುತ್ತದೆ. ಪಾದದ ಬಳಿ ಶಾಕ್ ಕೊಟ್ಟಾಗ ಅಲೆ ದೊಡ್ಡದು, ಮಂಡಿಯ ಮೇಲೆ ಕೊಟ್ಟಾಗ ಅರ್ಧಕ್ಕಿಂತ ಕಡಿಮೆ ಅಂದರೆ ತಂತು ಉಳಿದಿದೆ, ಅದರ ಮೇಲಿನ ಹೊದಿಕೆ ಮಾತ್ರ ಕೆಟ್ಟಿದೆ. ಗುಣವಾಗುವ ಭರವಸೆ ಹೆಚ್ಚು. ಆದರೆ ಸ್ನಾಯು ನರ ಕಳೆದುಕೊಂಡಿದೆ ಅಂತ ಸೂಜಿಯಲ್ಲಿ ತೋರಿಸುವ ಫಿಬ್ರಿಲೇಷನ್ (ಸ್ನಾಯುತಂತು ತಾನಾಗಿಯೇ ಮಿಡಿಯುವ ಸಂಕೇತ) ಕಾಣಲು ಸುಮಾರು ಮೂರು ವಾರ ಬೇಕು. ಅದಕ್ಕೆ ಮೊದಲು ಇಎಂಜಿ ಚೆನ್ನಾಗಿದೆ ಅಂತ ಬಂದರೆ ಅದನ್ನು ನಂಬಿ ಕೂರಬೇಡಿ.

ಕಾಯುವ ಮಾತು ಪರೀಕ್ಷೆಗೆ ಮಾತ್ರ. ದೌರ್ಬಲ್ಯ ದಿನದಿನಕ್ಕೆ ಮೇಲೇರಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಉಸಿರು ಅಥವಾ ನುಂಗುವುದು ಕಷ್ಟವಾದರೆ ಅದೇ ಹೊತ್ತಿಗೆ ತುರ್ತು ಚಿಕಿತ್ಸೆಗೆ ಹೋಗಿ. ಅಲ್ಲಿಯವರೆಗೆ ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು ಬಿಡಿಸಿ. ಪಾದ ಎಡವದಂತೆ ಸ್ಪ್ಲಿಂಟ್ ಬೇಕೇ ಅಂತ ಕೇಳಿ.

ನರರೋಗ ವೈದ್ಯ

"ನಾರ್ಮಲ್" ಬಗ್ಗೆ. ಎನ್‌ಸಿಎಸ್ ಅಳೆಯುವುದು ದಪ್ಪ ತಂತುಗಳನ್ನು. ಉರಿ, ಬಿಸಿ, ನೋವು ಒಯ್ಯುವುದು ಸಣ್ಣ ತಂತುಗಳು, ಅವು ಈ ಪರೀಕ್ಷೆಗೆ ಕಾಣುವುದೇ ಇಲ್ಲ. ಅಂಗಾಲು ಉರಿಯುತ್ತಿದ್ದು ಎನ್‌ಸಿಎಸ್ ನಾರ್ಮಲ್ ಬಂದರೆ "ನಿಮಗೇನೂ ಇಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದಕ್ಕೆ ಚರ್ಮದ ಬಯಾಪ್ಸಿಯಂಥ ಬೇರೆ ಪರೀಕ್ಷೆಗಳಿವೆ.

ಅಂಕಿ ಓದುವಾಗ ಸ್ಥೂಲವಾಗಿ ಹೀಗೆ: ವೇಗ ತುಂಬ ಇಳಿದಿದ್ದರೆ ಹೊದಿಕೆಯ ತೊಂದರೆ, ಅಲೆಯ ಎತ್ತರ ಇಳಿದಿದ್ದರೆ ತಂತುವಿನ ತೊಂದರೆ. ವೇಗ ಕೈಯಲ್ಲಿ ಸೆಕೆಂಡಿಗೆ 50 ಮೀಟರ್, ಕಾಲಿನಲ್ಲಿ 40ರ ಆಸುಪಾಸು ಅಥವಾ ಮೇಲಿದ್ದರೆ ಸರಿ. ಕೈಯ ಜೋಮಿಗೆ ಮೀಡಿಯನ್ ನರವನ್ನು (ಕಾರ್ಪಲ್ ಟನಲ್‌ನಲ್ಲಿ ಒತ್ತಿಹೋಗುವ ನರ) ಮಾತ್ರ ನೋಡಿದರೆ ಸಾಲದು, ಸಕ್ಕರೆ ಕಾಯಿಲೆಯಲ್ಲಿ ಎಲ್ಲ ನರವೂ ತುಸು ನಿಧಾನ. ಅಂಗೈಯಿಂದ ಮಣಿಕಟ್ಟಿಗೆ ಅದೇ 8 ಸೆಂಟಿಮೀಟರಿನಲ್ಲಿ ಅಲ್ನಾರ್ ಜೊತೆ ಹೋಲಿಸಿ, ಮೀಡಿಯನ್ 0.4 ಮಿಲಿಸೆಕೆಂಡ್ ಅಥವಾ ಹೆಚ್ಚು ಹಿಂದೆ ಬಿದ್ದರೆ ಕಾರ್ಪಲ್ ಟನಲ್ ಅನುಮಾನ ಗಟ್ಟಿಯಾಗುತ್ತದೆ. ಕೈ ತಣ್ಣಗಿದ್ದರೂ ಈ ಹೋಲಿಕೆ ಅಷ್ಟಾಗಿ ಮೋಸ ಮಾಡುವುದಿಲ್ಲ, ಎರಡು ನರವೂ ಒಟ್ಟಿಗೇ ತಣ್ಣಗಾಗಿರುತ್ತವೆ.

ನರ ಪರೀಕ್ಷೆಯ ತಂತ್ರಜ್ಞೆ

ಇನ್ನೆರಡು ಮಾತು. ಸಿಕೆ (ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ರಕ್ತಪರೀಕ್ಷೆ ಬರೆದಿದ್ದರೆ ಇಎಂಜಿಗೆ ಮೊದಲೇ ರಕ್ತ ಕೊಡಿಸಿ. ಸೂಜಿಯಿಂದಲೇ ಅದು ಒಂದೆರಡು ದಿನ ಸ್ವಲ್ಪ ಏರಬಹುದು. ಪರೀಕ್ಷೆಯ ಚೀಟಿಯಲ್ಲಿ "ಎನ್‌ಸಿಎಸ್, ನಾಲ್ಕೂ ಕೈಕಾಲು" ಅಂತಷ್ಟೇ ಇದ್ದರೆ ವೈದ್ಯರಿಂದ ಪ್ರಶ್ನೆಯನ್ನೂ ಬರೆಸಿಕೊಳ್ಳಿ: "ಬಲ ಪಾದ ಇಳಿದಿದೆ, 10 ದಿನ; ಪೆರೋನಿಯಲ್ಲೋ ಎಲ್5ಓ? ಕಾರ್ಪಲ್ ಟನಲ್ ಇದೆಯೇ? ವಾರ್ಫರಿನ್." ಪ್ರಶ್ನೆ ಇಲ್ಲದ ಚೀಟಿಗೆ ಮಾಮೂಲಿ ನರಗಳನ್ನು ನೋಡಿ ಮುಗಿಸುವುದೇ ಹೆಚ್ಚು, ಪಾದದ ಮೇಲ್ಭಾಗದ ಸಂವೇದನೆಯ ನರ, ಅಂಗೈ ಹೋಲಿಕೆ ಎರಡೂ ಬಿಟ್ಟುಹೋಗುತ್ತವೆ. ರಿಪೋರ್ಟ್ ಪಡೆಯುವಾಗ ತೀರ್ಮಾನದ ಹಾಳೆ ಮಾತ್ರವಲ್ಲ, ಅಂಕಿಗಳ ಪಟ್ಟಿ ಮತ್ತು ಅಲೆಗಳ ಚಿತ್ರವಿರುವ ಪುಟಗಳನ್ನೂ ಕೇಳಿ ತೆಗೆದುಕೊಳ್ಳಿ. ಮೂರು ವಾರದ ನಂತರದ ಪರೀಕ್ಷೆಯನ್ನು ಅವುಗಳ ಜೊತೆಗೇ ಹೋಲಿಸಬೇಕಾಗುತ್ತದೆ.