ಕಾಸರಗೋಡು ಹಳೆ ಪೇಟೆಯ ಅಜ್ಜನ ಕಟ್ಟಡ: ಕೆಡವುವುದಾ, ಉಳಿಸುವುದಾ?

ಆರನೇ ಹಲಗೆ:
ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ಕಾಸರಗೋಡು ಹಳೆ ಪೇಟೆಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಕಟ್ಟಡ ಒಂದು ಉಂಟು. ಕೆಳಗೆ ಮೂರು ಅಂಗಡಿ, ಮೇಲೆ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು (ಚಾವಣಿ), ಹಲಸಿನ ಮರದ ಮುಚ್ಚಿಗೆ (ಒಳಚಾವಣಿ). ಒಂದರಲ್ಲಿ ದರ್ಜಿ ಇದ್ದಾರೆ, ಇನ್ನೊಂದರಲ್ಲಿ ವಾಚ್ ರಿಪೇರಿ. ಮೂರನೆಯದು ಅಜ್ಜನ ಅಂಗಡಿ. ಅಲ್ಲಿ ಅವರು ಸ್ಲೇಟು, ಕಡ್ಡಿ, ಕನ್ನಡ ಶಾಲೆಯ ಪುಸ್ತಕ ಮಾರುತ್ತಿದ್ದರು. 1956ರಲ್ಲಿ ಊರು ಕೇರಳಕ್ಕೆ ಹೋದ ಮೇಲೂ ಬೋರ್ಡಿನ ಒಂದಕ್ಷರ ಬದಲಾಯಿಸಲಿಲ್ಲ. ಈಗ ಅದು ಖಾಲಿ. ಮೇಲಿನ ಮನೆಯಲ್ಲಿ ಪಾರಿವಾಳ ಸಂಸಾರ ಮಾಡುತ್ತಿವೆ.

ಪಾಲುದಾರರು ಏಳು ಜನ. ದೊಡ್ಡಪ್ಪನೇ ಯಜಮಾನರು. ಒಬ್ಬ ಬಿಲ್ಡರ್ ಬಂದು ನಾಲ್ಕು ಮಾಳಿಗೆಯ ಕಟ್ಟಡದ ಚಿತ್ರ ತೋರಿಸಿ ಹೋಗಿದ್ದಾರೆ. ಎದುರಿಗೆ ಪೂರ್ತಿ ನೀಲಿ ಗಾಜು. ಅರ್ಧ ಅವರಿಗೆ, ಅರ್ಧ ನಮಗೆ. ನಾನು ಬೇಡ ಅಂದದ್ದಕ್ಕೆ ದೊಡ್ಡಪ್ಪನ ಮಾತು ಹೀಗೆ: "ಹೈವೇ ಆರು ಪಥ ಆಯಿತು. ಪೇಟೆ ಮೇಲೆಯೇ ಸೇತುವೆ ಬಂತು. ನೀನಿನ್ನೂ ನೂರೈವತ್ತು ವರ್ಷ ಹಿಂದಿನ ಹಂಚು ಎಣಿಸ್ತಾ ಕೂತಿದ್ದೀ."

ಅವರು ಹೇಳುವುದರಲ್ಲಿ ತಪ್ಪಿಲ್ಲ. ನಾನಿರುವುದು ಮಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿ. ದುಡ್ಡು ನನಗೂ ಬೇಕು. ಹೋದ ಮಳೆಗಾಲದಲ್ಲಿ ಸೂರಿನ ಒಂದು ಪಕ್ಕಾಸು (ಹಂಚನ್ನು ಹೊರುವ ಓರೆ ಮರ) ಮುರಿದು ಹಂಚು ರಸ್ತೆಗೆ ಬಿತ್ತು. ಯಾರ ತಲೆ ಮೇಲೂ ಬೀಳಲಿಲ್ಲ, ಅಷ್ಟು ಪುಣ್ಯ.

ಆದರೆ ಒಂದು ವಿಷಯ ಹೇಳುತ್ತೇನೆ, ನಗಬೇಡಿ. ಅಜ್ಜನ ಅಂಗಡಿಗೆ ಶಟರ್ ಇಲ್ಲ, ಒಂಬತ್ತು ಹಲಗೆ ಉಂಟು. ಹೊಸ್ತಿಲಲ್ಲಿ ಉದ್ದಕ್ಕೆ ಕೊರೆದ ಒಂದು ಸೀಳು, ಮೇಲಿನ ಅಡ್ಡದಲ್ಲಿ ಒಂದು ಸೀಳು. ಹಲಗೆಯನ್ನು ಮೊದಲು ಮೇಲೆ ತೂರಿಸಬೇಕು, ಆಮೇಲೆ ಕೆಳಗೆ ಕೂರಿಸಿ ಪಕ್ಕಕ್ಕೆ ಸರಿಸಬೇಕು. ಪ್ರತಿಯೊಂದಕ್ಕೂ ನೆತ್ತಿಯಲ್ಲಿ ಉಳಿಯಿಂದ ಕೆತ್ತಿದ ಅಂಕೆ: ೧, ೨, ೩ ಹೀಗೆ. ಸಾಲು ತಪ್ಪಿದರೆ ಕೊನೆಯದ್ದು ಕೂರುವುದೇ ಇಲ್ಲ. ೬ ಯಾವಾಗಲೋ ಕಳೆದುಹೋಗಿದೆ, ಆ ಜಾಗದಲ್ಲಿ ತಗಡು. ದರ್ಜಿಯವರದ್ದು ಮಲಯಾಳ. ಗಾಳಿಯಾಡಲಿ ಅಂತ ವಾರಕ್ಕೊಮ್ಮೆ ಹಲಗೆ ತೆಗೆಯುತ್ತಾರೆ. ಅವರಿಗೆ ಬರುವ ಕನ್ನಡ ಅಂದರೆ ಒಂದರಿಂದ ಒಂಬತ್ತು, ಅದೂ ಆರು ಬಿಟ್ಟು.

ಕಾನೂನು ಏನು ಹೇಳುತ್ತದೆ? ರಿಪೇರಿ ಸಾಧ್ಯವಾ? ಇಂಥದ್ದು ಮಾಡಿ ಕೈಸುಟ್ಟುಕೊಂಡವರು, ಗೆದ್ದವರು ಯಾರಾದರೂ ಇದ್ದರೆ ಹೇಳಿ.

ನೇರಮಾತು:
ಅಕ್ಕ, ಸಿಟ್ಟು ಮಾಡಬೇಡಿ. ಲಿಫ್ಟ್ ಇರುವ ಕಡೆ ಕೂತವರಿಗೆ ಹಂಚಿನ ಮಾಡು ಚಂದ ಕಾಣುತ್ತದೆ. ಅದರ ಕೆಳಗೆ ಬಕೆಟ್ ಇಟ್ಟು ಮಲಗಿದವರನ್ನು ಕೇಳಿ. ನಾನು ಮೈಸೂರಿನಲ್ಲಿ ಓದಿದವನು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು, ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯದ್ದೂ ಒಂದು ಭಾಗ ಬಿತ್ತು. ಪಾರಂಪರಿಕ ಅಂತ ಎಲ್ಲರೂ ಹೇಳುತ್ತಲೇ ಇದ್ದರು, ರಿಪೇರಿ ಮಾತ್ರ ಹೊತ್ತಿಗೆ ಆಗಲಿಲ್ಲ. ಉಳಿಸುವುದಾದರೆ ಈ ವರ್ಷವೇ ಮಾಡಿಗೆ ಕೈ ಹಾಕಿ. ಇಲ್ಲವಾದರೆ ಕೆಡವಿ. ನೋಡುವಾ ಅಂತ ಇನ್ನೂ ಹತ್ತು ವರ್ಷ ಬಿಡುವುದುಂಟಲ್ಲ, ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಪೆನ್ಷನ್ ಮಾಷ್ಟ್ರು:
ಮೊದಲು ನಿಮ್ಮ ದೊಡ್ಡಪ್ಪನವರ ನೂರೈವತ್ತು ವರ್ಷದ ಲೆಕ್ಕ ಸರಿಮಾಡೋಣ. ಒಂದು ಹಂಚು ಕೆಳಗಿಳಿಸಿ, ಮಗುಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅಚ್ಚಾದ ಕಾರ್ಖಾನೆಯ ಹೆಸರು ಓದಿ. ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮೊದಲನೇ ಮಹಾಯುದ್ಧ ಮುಗಿಯುವಾಗ ಆ ಕಾರ್ಖಾನೆಗಳು ಅವರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹೆಸರು ಯಾವುದುಂಟು ನೋಡಿದರೆ ಅಂದಾಜು ಸಿಗುತ್ತದೆ. ಆದರೆ ಹಂಚು ಬದಲಾಯಿಸಿರಲೂಬಹುದು. ನಾಲ್ಕೈದು ಕಡೆಯದ್ದು ತೆಗೆದು ನೋಡಿ.

ಎರಡನೆಯದು, ಸರಕಾರ ಬಂದು ಕಾಪಾಡುತ್ತದೆ ಅಂತ ಕಾಯಬೇಡಿ. ಬೇಕಲ ಕೋಟೆಗೆ ಕೇಂದ್ರ ಪುರಾತತ್ವ ಇಲಾಖೆ ಉಂಟು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಗಿಳಿವಿಂಡು ಅಂತ ಉಳಿಯಿತು, ಯಾಕೆಂದರೆ ಅಲ್ಲಿದ್ದದ್ದು ರಾಷ್ಟ್ರಕವಿ. ನಿಮ್ಮ ಅಜ್ಜ ಸ್ಲೇಟು ಮಾರಿದವರು. ಅವರ ಅಂಗಡಿಗೆ ನೀವೇ ಇಲಾಖೆ, ನೀವೇ ಟ್ರಸ್ಟು. ಹಾಗಂತ ರಕ್ಷಿತ ಸ್ಮಾರಕ ಮಾಡಿಸಿ ಅಂತ ಯಾರಾದರೂ ಹೇಳಿದರೆ ಹಿಗ್ಗಬೇಡಿ. ಕೇಂದ್ರದ ರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ನೆರೆಕರೆಯವರು ನಿಮ್ಮ ಮನೆ ಮುಂದೆ ಬಂದು ಕೂರುತ್ತಾರೆ!

ಮಣಿಪಾಲದ ಹಸ್ತಶಿಲ್ಪ ಗ್ರಾಮ ನೋಡಿದ್ದೀರಾ? ಕೆಡವಲು ಹೊರಟ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಪೇಟೆಯ ಅಂಗಡಿ ಪೇಟೆಯಲ್ಲೇ ಇರಬೇಕು ಅಂತ ನನಗೆ ಅನಿಸುತ್ತದೆ. ಗಿರಾಕಿ ಇಲ್ಲದ ಅಂಗಡಿ ಎಂತದ್ದು?

ಪ್ಲಾನ್ ಮನುಷ್ಯ:
ಮುನ್ಸಿಪಾಲಿಟಿಗೆ ನಕ್ಷೆ ಹಾಕಿಕೊಡುವುದು ನನ್ನ ಕೆಲಸ. ಬಿಲ್ಡರ್ ನಿಮಗೆ ಹೇಳಿರಲಾರದ ಎರಡು ಸಂಗತಿ ಹೇಳುತ್ತೇನೆ.

ನಿಮ್ಮ ಕಟ್ಟಡ ರಸ್ತೆ ಅಂಚಿಗೇ ನಿಂತಿದೆ ಅಲ್ವಾ? ಕೇರಳದ 1994ರ ಮುನ್ಸಿಪಾಲಿಟಿ ಕಾನೂನಿನ 220(ಬಿ) ಪ್ರಕಾರ ಹೆದ್ದಾರಿ ಮತ್ತು ಘೋಷಿತ ರಸ್ತೆಗಳ ಗಡಿಯಿಂದ 3 ಮೀಟರ್ ಒಳಗೆ ಹೊಸ ಕಟ್ಟಡ ಏಳುವ ಹಾಗಿಲ್ಲ. ಹಳೆಯದು ನಿಂತಿರುವಷ್ಟು ದಿನ ರಸ್ತೆ ಬದಿಯ ಜಾಗ ನಿಮ್ಮ ವ್ಯಾಪಾರದ್ದು. ಕೆಡವಿದ ದಿನ ಹೋಯಿತು. ನಿಮ್ಮ ರಸ್ತೆ ಘೋಷಿತವೋ ಅಲ್ಲವೋ ಆಫೀಸಿನಲ್ಲಿ ಬರವಣಿಗೆಯಲ್ಲಿ ಕೇಳಿ. ಅರ್ಜಿ ಕನ್ನಡದಲ್ಲೇ ಕೊಡಿ, ಇಲ್ಲಿ ನಮಗೆ ಆ ಹಕ್ಕು ಉಂಟು. ಹೊಸದಕ್ಕೆ ಪಾರ್ಕಿಂಗ್ ಬೇರೆ ತೋರಿಸಬೇಕು. ನೀಲಿ ಗಾಜಿನ ಚಿತ್ರದಲ್ಲಿ ಕಾರು ಎಲ್ಲಿ ನಿಂತಿತ್ತು, ನೆನಪು ಮಾಡಿ.

ಇನ್ನೊಂದು ಬಾಡಿಗೆದಾರರದ್ದು. 1965ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ, ಹೊಸದಾಗಿ ಕಟ್ಟಲು ಅಂತ ಎಬ್ಬಿಸಿದರೆ ಹೊಸ ಕಟ್ಟಡದಲ್ಲಿ ಅವರಿಗೇ ಮೊದಲ ಹಕ್ಕು. ಅಂದರೆ ದರ್ಜಿಯವರನ್ನು ಸುಮ್ನೆ ಕಳಿಸಲಿಕ್ಕಾಗುವುದಿಲ್ಲ.

ಮುಂದಿನದ್ದು ಇಟ್ಟುಕೊಂಡು ಹಿಂದೆ ಕಟ್ಟಬಹುದಾ ಅಂತ ಯೋಚಿಸಿ. ಹಿತ್ತಿಲು ಎಷ್ಟುಂಟು? ಗಾಡಿ ಹೋಗುವ ದಾರಿ ಉಂಟಾ?

ಸುಣ್ಣದ ಕೈ:
ನನ್ನ ಅಪ್ಪ ಮೇಸ್ತ್ರಿ, ನಾನೂ ಅದೇ. ದಯವಿಟ್ಟು ಆ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮುರಕಲ್ಲು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಾರೆಯಾದರೆ ಆ ನೀರು ಹೊರಗೆ ಹೋಗುತ್ತದೆ. ಸಿಮೆಂಟ್ ಮೆತ್ತಿದರೆ ಒಳಗೇ ನಿಲ್ಲುತ್ತದೆ. ಎರಡು ಮಳೆಗಾಲ ಚಂದ ಇರುತ್ತದೆ, ಮೂರನೆಯದರಲ್ಲಿ ಹಪ್ಪಳದ ಹಾಗೆ ಏಳುತ್ತದೆ. ಏಳುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬರುತ್ತದೆ.

ಪಕ್ಕಾಸು ಮುರಿದದ್ದು ಸೂರಿನ ಕಡೆ ತಾನೇ? ಅಲ್ಲೇ ಮರ ಮೊದಲು ಕೊಳೆತು ಕುಂಬಾಗುವುದು. ಇಡೀ ಪಕ್ಕಾಸು ಬದಲಾಯಿಸಬೇಕಾಗಿಲ್ಲ. ಹಾಳಾದ ತುದಿ ಕೊಯ್ದು, ಓರೆಯಾಗಿ ಹೊಸ ತುಂಡು ಜೋಡಿಸಿ, ಬೋಲ್ಟು ಹಾಕಬಹುದು. ಒಳ್ಳೆಯ ಆಚಾರಿ ಸಿಕ್ಕಿದರೆ ಸಾಕು.

ಆರನೇ ಹಲಗೆ:
ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಭಾನುವಾರ ಟೇಪು ಹಿಡಿದುಕೊಂಡು ಹೋಗಿದ್ದೆ. ದೊಡ್ಡಪ್ಪನೂ ಬಂದರು. ನಾನೇನು ಮಾಡುತ್ತೇನೆ ನೋಡಲು.

ಮಾಷ್ಟ್ರೇ, ಐದು ಹಂಚು ಇಳಿಸಿದೆವು. ಐದರಲ್ಲೂ ಕಾಮನ್‌ವೆಲ್ತ್. ನೂರೈವತ್ತು ಅಲ್ಲ, ನೂರೇ ಸಂಶಯ. ದೊಡ್ಡಪ್ಪನಿಗೆ ಸ್ವಲ್ಪ ಅವಮಾನ ಆದ ಹಾಗಿತ್ತು. "ಬದಲಾಯಿಸಿದ್ದಿರಬೇಕು" ಅಂದರು. ಇರಬಹುದು.

ಜಾಗ ಒಟ್ಟು 9 ಸೆಂಟ್ಸ್. ರಸ್ತೆ ಬದಿಗೆ 12 ಮೀಟರ್, ಉದ್ದಕ್ಕೆ 30. ಹಳೆ ಕಟ್ಟಡ ತಿನ್ನುವುದು ಮುಂದಿನ 11 ಮಾತ್ರ. ಹಿಂದೆ ಬಾವಿ, ಒಂದು ಬಿಂಬುಳಿ ಮರ, ಆಳೆತ್ತರದ ಕಾಡು. 3 ಮೀಟರಿನ ಲೆಕ್ಕವನ್ನು ನೆಲದಲ್ಲಿ ಸುಣ್ಣದ ಗೆರೆ ಎಳೆದೇ ತೋರಿಸಿದೆ. ಗೆರೆ ದರ್ಜಿಯವರ ಮಿಷನ್ನಿನ ಹಿಂದೆ ಹೋಗಿ ಬಿತ್ತು. ಮುಕ್ಕಾಲು ಸೆಂಟಿಗಿಂತ ಜಾಸ್ತಿ, ಅದೂ ರಸ್ತೆ ಬದಿಯದ್ದು. ದೊಡ್ಡಪ್ಪ ಆ ಗೆರೆಯ ಮೇಲೆ ನಿಂತು ರಸ್ತೆ ನೋಡಿದರು, ಮತ್ತೆ ಗೆರೆ ನೋಡಿದರು. ವ್ಯಾಪಾರಸ್ಥರ ಮಗ ಅಲ್ವಾ, ನನ್ನ ಮುಚ್ಚಿಗೆ, ಹಲಗೆಯ ಕತೆಯೆಲ್ಲ ಮಾಡದ್ದನ್ನು ಆ ಗೆರೆ ಮಾಡಿತು.

ನೇರಮಾತು ಅಣ್ಣ, ನಿಮ್ಮ ಮೇಲೆ ಸಿಟ್ಟಿಲ್ಲ. ಮುರಿದ ಪಕ್ಕಾಸಿನ ಕೆಳಗೆ ಅವತ್ತೇ ಊರೆ ಕೊಡಿಸಿ ಬಂದೆ.

ಈಗ ಹೊಸ ತಲೆನೋವು. ಹಿಂದಕ್ಕೆ ದಾರಿ ಇಲ್ಲ. ಪಕ್ಕದ ಓಣಿಯಲ್ಲಿ ಸ್ಕೂಟರ್ ಹೋದೀತು, ಅಷ್ಟೆ. ಅದಕ್ಕೆ ಉಪಾಯ ಹೇಳಿದವರು ದೊಡ್ಡಪ್ಪನೇ: "ಖಾಲಿ ಅಂಗಡಿ ಉಂಟಲ್ಲ, ಹಿಂದಿನ ಗೋಡೆ ತೆಗೆದರೆ ಅದೇ ದಾರಿ." ಅಳೆದೆ. ಒಂಬತ್ತು ಹಲಗೆಯ ಅಗಲ, ಒಂಬತ್ತಡಿ. ಕಾರು ಹೋಗುತ್ತದೆ. ಮೇಲಿನ ಮನೆ, ಮಾಡು, ಉಳಿದೆರಡು ಅಂಗಡಿ ಎಲ್ಲ ಹಾಗೇ ಇರುತ್ತವೆ. ಅಜ್ಜನ ಅಂಗಡಿ ಮಾತ್ರ ಹೋಗುತ್ತದೆ. ನಾನು ಹಟ ಹಿಡಿದದ್ದೇ ಆ ಅಂಗಡಿಗೆ.

ರಾತ್ರಿ ಗೇಟಿನ ಬದಲು ಅದೇ ಹಲಗೆ ಹಾಕಿದರಾಯಿತು ಅಂತ ದರ್ಜಿಯವರು ಸಮಾಧಾನ ಹೇಳಿದರು. ಹತ್ತು ಗಂಟೆಗೆ ಕಾರಿನಲ್ಲಿ ಬಂದವರು ಇಳಿದು ಎಂಟು ಹಲಗೆ, ಒಂದು ತಗಡು ಎತ್ತಿಡುತ್ತಾರಾ? ಇನ್ನೂ ಹೂಂ ಅನ್ನಲಿಲ್ಲ. ಉಹುಂ ಅಂತಲೂ ಅನ್ನಲಿಲ್ಲ.

ಪ್ಲಾನ್ ಮನುಷ್ಯ:
ಹಿಂದಿನ ಗೋಡೆ ತೆಗೆಯುವ ಮೊದಲು ಮೇಲಿನ ತೊಲೆಗಳ ಭಾರ ಯಾವ ಗೋಡೆಗೆ ಬಂದಿದೆ ನೋಡಬೇಕು. ಅಡ್ಡಗೋಡೆಗಳ ಮೇಲಿದ್ದರೆ ಸುಲಭ. ಹಿಂದಿನದ್ದರ ಮೇಲಿದ್ದರೆ ಕಬ್ಬಿಣದ ತೊಲೆ ಕೊಡಬೇಕು. ನೋಡದೆ ಯಾರೂ ಒಂದು ಕಲ್ಲೂ ತೆಗೆಯಬೇಡಿ. ಗೋಡೆ ಬಿಚ್ಚುವುದು ಹಂಚು ಬದಲಾಯಿಸಿದ ಹಾಗಲ್ಲ, ಮೊದಲು ಪರ್ಮಿಟಿನ ವಿಷಯ ಕೇಳಿ.

ಆರನೇ ಹಲಗೆ:
ಆಗಲಿ. ಸುಣ್ಣದ ಕೈ ಅಣ್ಣ, ನಿಮ್ಮ ಹತ್ತಿರ ಒಂದು ಪ್ರಶ್ನೆ. ಚಿಪ್ಪಿನ ಸುಣ್ಣ ಈಗ ಎಲ್ಲಿ ಸಿಗುತ್ತದೆ? ದಾರಿಯ ವಿಷಯ ಏನೇ ಆಗಲಿ, ಪತ್ತನಾಜೆಗೆ (ಮೇ ಕೊನೆಯ ತುಳು ಹಬ್ಬ, ಆಮೇಲೆ ಮಳೆಗಾಲ) ಮೊದಲು ಮಾಡು ಮತ್ತು ಎದುರಿನ ಗೋಡೆ ಮುಗಿಸುವ ಅಂತ ದೊಡ್ಡಪ್ಪನೇ ಹೇಳಿದ್ದಾರೆ. ಎಷ್ಟು ಚೀಲ ಬೇಕಾದೀತು?

ಸುಣ್ಣದ ಕೈ:
ಗೋಡೆ ಮುಟ್ಟಿ ನೋಡದೆ ಚೀಲದ ಲೆಕ್ಕ ಹೇಳುವವನನ್ನು ನಂಬಬೇಡಿ, ನನ್ನನ್ನೂ. ಬರುವ ಭಾನುವಾರ ಬರುತ್ತೇನೆ. ಅಷ್ಟರೊಳಗೆ ಪಾರಿವಾಳ ಓಡಿಸಿ, ಮುಚ್ಚಿಗೆ ಗುಡಿಸಿ ಇಡಿ. ಅದರ ಹಿಕ್ಕೆ ಬಿದ್ದಲ್ಲಿ ಮರ ಗಟ್ಟಿ ಉಂಟಾ ಅಂತ ಕುಟ್ಟಿ ನೋಡಲಿಕ್ಕೆ ಆಗುವುದಿಲ್ಲ.