ಅಪ್‌ಡೇಟ್: ಸ್ಟುಡಿಯೋದ ಗುಂಯ್ ಸದ್ದು ಹೋಯಿತು
ನಾವು ಕೆಲವರು ಸೇರಿ ನಡೆಸುವ ಸ್ಟುಡಿಯೋದಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ), ಲ್ಯಾಪ್‌ಟಾಪ್ ಎರಡನ್ನೂ ಒಂದೇ ಮಿಕ್ಸರ್‌ಗೆ ಕೊಟ್ಟು ಪ್ರೊಜೆಕ್ಟರ್ ಹಾಕಿದರೆ ಗುಂಯ್ ಅನ್ನುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಗ್ರೌಂಡ್ ಲೂಪ್ (ಸಾಮಾನುಗಳ ಅರ್ಥ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿಕೊಂಡು ಗುಂಯ್ ಬರುವುದು) ಇರಬಹುದು ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಆಗಿತ್ತು.

ಲ್ಯಾಪ್‌ಟಾಪ್‌ನಿಂದ ಪ್ರೊಜೆಕ್ಟರ್ ಕೇಬಲ್ ಕಿತ್ತ ಕೂಡಲೇ ಸದ್ದು ನಿಂತಿತು. ಕೇಬಲ್ ಮತ್ತೆ ಹಾಕಿ ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತಂದಾಗ ಸ್ವಲ್ಪ ಕಡಿಮೆಯಾಯಿತು. ಲ್ಯಾಪ್‌ಟಾಪ್, ಮಿಕ್ಸರ್ ನಡುವೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ವೈರ್‌ಗಳ ನೇರ ಸಂಪರ್ಕ ತಪ್ಪಿಸಿ ಆಡಿಯೋ ಸಿಗ್ನಲ್ ಮಾತ್ರ ದಾಟಿಸುವ ಸಾಧನ) ಹಾಕಿದ ಮೇಲೆ ಪೂರ್ತಿ ಹೋಯಿತು. ಅರ್ಥ್ ಪಿನ್ ಕಿತ್ತುಬಿಡಿ ಅಂತಲೂ ಒಬ್ಬರು ಹೇಳಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎಲ್ಲರೂ ಮುಟ್ಟುವ ಸಾಮಾನು, ಶಾಕ್ ಹೊಡೆದರೆ ಜೀವಕ್ಕೇ ಅಪಾಯ ಅಲ್ವಾ?

ಮೊದಲು ಯಾರೂ ನುಡಿಸದಿದ್ದರೂ ಆ ಗುಂಯ್‌ಗೇ, ಸದ್ದಿಗೆ ತಕ್ಕಂತೆ ಬದಲಾಗುವಂತೆ ಪ್ರೊಜೆಕ್ಟರ್‌ನಿಂದ ಗೋಡೆ ಮೇಲೆ ಬಿಡುವ ಗೆರೆಗಳು ಸುಮ್ನೆ ನಡುಗುತ್ತಿದ್ದವು. ಈಗ ಬಾಸ್ (ತಗ್ಗು ಸ್ವರ) ಏರಿದಾಗ ಮಾತ್ರ ದಪ್ಪವಾಗುತ್ತವೆ. ಮುಂದೆ ಕ್ಯಾಮೆರಾವನ್ನು ಅದೇ ಗೋಡೆಗೆ ತಿರುಗಿಸಿ ವಿಡಿಯೋ ಫೀಡ್‌ಬ್ಯಾಕ್ (ಕ್ಯಾಮೆರಾ ತನ್ನದೇ ಚಿತ್ರವನ್ನು ಮತ್ತೆ ಮತ್ತೆ ಹಿಡಿದಾಗ ಮೂಡುವ ಆಕಾರಗಳು) ನೋಡುತ್ತೇವೆ.