ನಮೀಬಿಯಾದ ಉಷ್ಟ್ರಪಕ್ಷಿ ಚಿಪ್ಪಿನ ಮಣಿ: ಮೊದಲು ತೂತೋ, ಆಕಾರವೋ?

ಮಣಿಸರ:
ನಮೀಬಿಯಾದ ಈಶಾನ್ಯದ ನ್ಯಾಯೆ ನ್ಯಾಯೆ ಪ್ರದೇಶದ ಜುಹ್ವಾನ್ಸಿ ಸಾನ್ ಬುಡಕಟ್ಟಿನ ಹೆಂಗಸರು ಮಾಡುವ ಮಣಿಗಳ ಬಗ್ಗೆ ಕೇಳ್ತಿದೀನಿ. ಕರಕುಶಲ ಪ್ರದರ್ಶನದಲ್ಲಿ ವಿಧಾನವನ್ನ ಹಂತಹಂತವಾಗಿ ತೋರಿಸಬೇಕು. ಫಾರಂ ಹಕ್ಕಿಯ ಖಾಲಿ ಚಿಪ್ಪು ಇದೆ. ಚೂರನ್ನು ಮೊದಲೇ ದುಂಡಗೆ ಮಾಡಿ ಆಮೇಲೆ ಕೊರೆದರೆ ಸೀಳುತ್ತೆ. ಕ್ರಮ ಹೇಗಿರಬೇಕು? ಇವನ್ನು ಮಾರೋದಕ್ಕಿಂತ ಹೆಚ್ಚಾಗಿ ಉಡುಗೊರೆ ಕೊಡ್ತಿದ್ದರು ಅಂತಾರಲ್ಲ, ಅದೇನು?

ಬೈರಿಗೆ:
ಮೊದಲು ತೂತು, ಆಮೇಲೆ ಆಕಾರ. ಚಿಪ್ಪಿನ ದಪ್ಪ ಸುಮಾರು 2 ಮಿಲಿಮೀಟರ್, ಗಟ್ಟಿ ಇದ್ದರೂ ಬಲು ಪೆಡಸು. ಸುತ್ತ ಅಂಚು ಉಳಿದಿದ್ದರೆ ಕೊರೆಯುವ ಒತ್ತಡ ತಡೆಯುತ್ತೆ. ದುಂಡಗೆ ಮಾಡಿಟ್ಟ ಚೂರಲ್ಲಿ ತೂತಿಗೂ ಅಂಚಿಗೂ ನಡುವೆ ಎರಡು ಮಿಲಿಮೀಟರ್ ಉಳಿದರೆ ಹೆಚ್ಚು, ಅಲ್ಲೇ ಬಿರುಕು ಬಿಡೋದು. ಆಕಾರ ಮಾಡಿ ಕೊರೆಯುವ ಪದ್ಧತಿಯೂ ಹಳೆಯ ನೆಲೆಗಳಲ್ಲಿ ಸಿಕ್ಕಿದೆ, ಆದರೆ ಹೊಸಬರಿಗೆ ಅದು ಬೇಡ.

ಚಿಪ್ಪನ್ನು ಸುಮಾರು ಒಂದು ಸೆಂಟಿಮೀಟರ್ ಚೂರು ಮಾಡಿ ನೀರಲ್ಲಿ ನೆನೆಹಾಕಿ. ಕೊರೆಯೋದು ಒಳಮೈಯಿಂದ. ಹೊರಮೈ ನುಣುಪು, ಮೊನೆ ಜಾರುತ್ತೆ; ಒಳಮೈ ತಗ್ಗಾಗಿರೋದರಿಂದ ಮೊನೆ ಕೂರುತ್ತೆ. ಅವರ ಬೈರಿಗೆ ಅಂದರೆ ತುದಿಗೆ ಚೂಪು ಕಬ್ಬಿಣ ಕೂರಿಸಿದ ಕೋಲು. ಎರಡೂ ಅಂಗೈ ನಡುವೆ ಹೊಸೆದು ತಿರುಗಿಸ್ತಾರೆ. ಚೂರು ಮರದ ಹಲಗೆಯ ಸಣ್ಣ ಗುಳಿಯಲ್ಲಿ ಅಲುಗಾಡದೆ ಕೂತಿರಬೇಕು. ತೂತು ಇನ್ನೇನು ಬಿತ್ತು ಅನ್ನುವಾಗ ಒತ್ತಡ ಇಳಿಸಿ. ಹೊರಮೈ ಚಕ್ಕೆ ಏಳೋದು ಆ ಗಳಿಗೆಯಲ್ಲೇ.

ಆಮೇಲೆ ಚೂರನ್ನು ಕಲ್ಲಿನ ಮೇಲಿಟ್ಟು, ಕೊಂಬಿನ ತುಂಡಿನಿಂದ ಅಂಚನ್ನು ಚೂರುಚೂರೇ ಚಿವುಟಿ ತೆಗೀತಾರೆ. ಒಂದೇ ಏಟಿಗೆ ದೊಡ್ಡ ಚಕ್ಕೆ ಎಬ್ಬಿಸಲು ಹೋದರೆ ಮಣಿ ಎರಡು ಹೋಳು. ಕೊನೆಗೆ ಎಲ್ಲವನ್ನೂ ನರದ ದಾರದಲ್ಲೋ ನಾರಿನಲ್ಲೋ ಬಿಗಿಯಾಗಿ ಪೋಣಿಸಿ ಸಣ್ಣ ಕಾಲುವೆಯಂಥ ತಗ್ಗಿರುವ ಮೆದುಗಲ್ಲಿನ ಮೇಲೆ ಉಜ್ಜೋದು. ದಾರ ಸಡಿಲವಿದ್ದರೆ ಮಣಿಗಳು ಓರೆಯಾಗಿ ನಿಂತು ಒಂದೊಂದು ಒಂದೊಂದು ಅಳತೆಗೆ ಸವೆಯುತ್ತವೆ. ಈ ಹಂತಕ್ಕೆ ಅವಸರ ಬೇಡವೇ ಬೇಡ, ಸರದ ಅಂದ ನಿಲ್ಲೋದು ಇಲ್ಲೇ.

ಕಲಹರಿ_ಓದುಗ:
ಉಡುಗೊರೆಯ ವಿಷಯ. ಅದನ್ನು ಹ್ಖಾರೊ ಅಂತಾರೆ. 1970ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಪಾಲಿ ವೀಸ್ನರ್ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಮಣಿಸರ, ಬಾಣ, ಬಟ್ಟೆ, ಪಾತ್ರೆ ಇವೆಲ್ಲ ಹ್ಖಾರೊಗೆ ಸಲ್ಲುತ್ತವೆ, ಆಹಾರ ಸಲ್ಲದು. ಪಡೆದವರು ಕೂಡಲೇ ಹಿಂದಿರುಗಿಸುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಟ್ಟು ಬೇರೊಂದು ವಸ್ತು ಕೊಡುತ್ತಾರೆ. ಅವರಿರುವ ಕಲಹರಿ ಮರುಭೂಮಿಯಲ್ಲಿ ಮಳೆ ಒಂದು ಕಡೆ ಬಂದರೆ ಇನ್ನೊಂದು ಕಡೆ ಇಲ್ಲ. ತಮ್ಮ ನೆಲ ಒಣಗಿದಾಗ ದೂರದ ಹ್ಖಾರೊ ನೆಂಟನ ನೆಲಕ್ಕೆ ಹೋಗಿ ಇರಬಹುದು. ಹಾಗಾಗಿ ‘ಒಡವೆ’ ಅಂತಷ್ಟೇ ಫಲಕ ಬರೆದರೆ ಆ ಜನರಿಗೆ ಅನ್ಯಾಯ ಮಾಡಿದಂತೆ.

ಎಳೆಗೂಸಿನ ಕೊರಳ ಮಣಿಗಳನ್ನು ಅಜ್ಜಿ ಕತ್ತರಿಸಿ, ತೊಳೆದು, ಕೂಸಿನ ಕೈಯಲ್ಲಿಟ್ಟು ನೆಂಟರೊಬ್ಬರಿಗೆ ಕೊಡಿಸುತ್ತಾಳೆ. ಮಗುವಿನ ಮೊದಲ ಹ್ಖಾರೊ ಅದೇ.

ಇಂಥ ಕೊಡುಕೊಳ್ಳುವಿಕೆ ಬಹಳ ಹಳೆಯದೆನ್ನಲು ಆಧಾರವಿದೆ. ಆಫ್ರಿಕಾದ ದಕ್ಷಿಣ ಭಾಗದ ಲೆಸೊಥೊ ದೇಶದ ಬೆಟ್ಟಗಳ ಮೆಲಿಕಾನೆ, ಸೆಹೊಂಗ್‌ಹೊಂಗ್ ನೆಲೆಗಳ ಮಣಿಗಳಲ್ಲಿ ಚಿಪ್ಪು ಯಾವ ನೆಲದ್ದೆಂದು ಸುಳಿವು ಕೊಡುವ ಸ್ಟ್ರಾನ್ಷಿಯಂ ಐಸೊಟೋಪ್ ಅಳೆದು, ಸುಮಾರು 33,000 ವರ್ಷಗಳ ಹಿಂದೆಯೇ ಅವು ನೂರಾರು ಕಿಲೋಮೀಟರ್ ದೂರದಿಂದ ಬರುತ್ತಿದ್ದವೆಂದು 2020ರಲ್ಲಿ ಸಂಶೋಧಕರು ಪ್ರಕಟಿಸಿದರು. ನಮ್ಮ ನೆರೆಯ ಮಹಾರಾಷ್ಟ್ರದ ಪಾಟ್ನೆ ಉತ್ಖನನದಲ್ಲೂ ಶಿಲಾಯುಗದ ಉಷ್ಟ್ರಪಕ್ಷಿ ಚಿಪ್ಪಿನ ಮಣಿ ಸಿಕ್ಕಿವೆ. ಪ್ರದರ್ಶನದಲ್ಲಿ ಇದಕ್ಕೊಂದು ಜಾಗ ಕೊಡಿ.

ಮಣಿಸರ:
ಇಬ್ಬರಿಗೂ ಧನ್ಯವಾದ. ಕಪ್ಪು ಮಣಿಗಳೂ ಇರುತ್ತವಲ್ಲ, ಅದು ಬಣ್ಣವಾ? ಮಾದರಿಗೆ ಕೊಳ್ಳುವಾಗ ಅಸಲಿ ಗುರುತಿಸೋದು ಹೇಗೆ?

ಬೈರಿಗೆ:
ಬಣ್ಣ ಹಚ್ಚಬೇಕಾಗಿಲ್ಲ, ಕಾವು ಕೊಟ್ಟರೆ ಸಾಕು. ಹದವಾದ ಬಿಸಿಗೆ ಕಂದಾಗಿ, ಆಮೇಲೆ ಕಪ್ಪಾಗುತ್ತೆ. ಅತಿಯಾದರೆ ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತೆ. ನೇರ ಉರಿಗೆ ಹಿಡಿಯದೆ ಬಿಸಿ ಮರಳಲ್ಲಿ ಹೂತಿಡಿ.

ಅಸಲಿ ಮಣಿಯ ಒಂದು ಮುಖ ನುಣುಪು, ಭೂತಗನ್ನಡಿಯಲ್ಲಿ ನೋಡಿದರೆ ಅದರಲ್ಲಿ ಸಣ್ಣ ರಂಧ್ರಗಳು ಕಾಣ್ತವೆ. ವಿನೆಗರ್ ಹನಿ ಬಿದ್ದರೆ ನೊರೆ ಬರುತ್ತೆ, ಪ್ಲಾಸ್ಟಿಕ್ಕಿಗೆ ಬರಲ್ಲ. ಆದರೆ ಬಸವನಹುಳುವಿನ ಚಿಪ್ಪಿಗೂ ನೊರೆ ಬರುತ್ತೆ, ಆದ್ದರಿಂದ ರಂಧ್ರ ನೋಡದೆ ತೀರ್ಮಾನಿಸಬೇಡಿ. ಉಜ್ಜುವಾಗ ನೀರು ಹಾಕ್ತಾ ಇರಿ, ಮಾಸ್ಕ್ ಇರಲಿ. ಚಿಪ್ಪಿನ ಧೂಳು ಶ್ವಾಸಕ್ಕೆ ಒಳ್ಳೇದಲ್ಲ.